ಪೂಜೆಗೆ ಕೂತ ಮೀಟರು

ಮೈಲಾರಿಯನ್ನು ಮನೆಗೆ ಕರೆದವರದೆಲ್ಲ ಒಂದೇ ತಕರಾರು. ಬಂದವನು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟನೆಂದರೆ ಮನೆಯವರ ಮುಖ ನೋಡುವುದಿಲ್ಲ, ಕೊಟ್ಟ ನೀರು ಮುಟ್ಟುವುದಿಲ್ಲ, ಮೊದಲು ಗೋಡೆ ನೋಡುತ್ತಾನೆ. ಪ್ಲಗ್ ಎಲ್ಲಿದೆ, ಅದಕ್ಕೆ ಏನು ಸಿಕ್ಕಿಸಿದ್ದಾರೆ, ಅದರ ತುದಿಯಲ್ಲಿ ಫೋನು ಎಲ್ಲಿ ಮಲಗಿದೆ, ಅದರ ಮೇಲೆ ಯಾವ ಪುಣ್ಯಾತ್ಮ ಟವೆಲ್ ಹೊಚ್ಚಿದ್ದಾನೆ, ಇದೆಲ್ಲ ಗೊತ್ತಾಗುವವರೆಗೆ ಅವನಿಗೆ ಕೂತಲ್ಲಿ ಕೂರಲಾಗದು. ಬೈರಿದೇವರಕೊಪ್ಪದ ಒಂದು ಮದುವೆಯಲ್ಲಿ ಎಲ್ಲರೂ ಅಕ್ಕಿಕಾಳು ಹಾಕಲು ಕೈ ಎತ್ತಿದ್ದಾಗ ಇವನೊಬ್ಬ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಯಾರದೋ ಫೋನಿನ ಬೆನ್ನು ಮುಟ್ಟಿ ನೋಡುತ್ತಿದ್ದ. ಗಂಡಿನ ಕಡೆಯವರು ಕಳ್ಳನೆಂದು ತಿಳಿದು ರಟ್ಟೆ ಹಿಡಿದರು. ಫೋನು ಬಿಸಿಯಾಗಿದೆ, ಮೊದಲು ಅದನ್ನು ತೆಗೆಯಿರಿ ಎಂದನೇ ಹೊರತು ತಾನು ಯಾರೆಂದು ಹೇಳುವ ವ್ಯವಧಾನವೂ ಈ ಮಹಾರಾಯನಿಗಿರಲಿಲ್ಲ. ಕಡೆಗೆ ಅವನ ಊರಾದ ಉಣಕಲ್ಲಿನ ಜನ ಹೋಗಿ ಬಿಡಿಸಿಕೊಂಡು ಬಂದರು. ಚಾರ್ಜರ್ ಮೈಲಾರಿ ಎಂಬ ಹೆಸರು ಸುಮ್ಮನೆ ಬಿದ್ದದ್ದಲ್ಲ.

ಮೊದಲು ಇಷ್ಟು ಇರಲಿಲ್ಲ. ಚಡಪಡಿಕೆ ಹುಟ್ಟುಗುಣ, ಅದು ಇತ್ತು. ಆದರೆ ಮಂದಿಯ ಮನೆ ಹೊಕ್ಕು ಗೋಡೆ ಹುಡುಕುವ ಈ ರೋಗ ಹತ್ತಿದ್ದು ೨೦೦೬ರ ದಸರೆಯಿಂದೀಚೆಗೆ. ಅದನ್ನು ಹೇಳಬೇಕೆಂದರೆ ಸ್ವಲ್ಪ ಹಿಂದಿನಿಂದಲೇ ಬರಬೇಕಾಗುತ್ತದೆ.

ಅವನು ಉಣಕಲ್ಲಿನವನೇ. ಅಪ್ಪ ಕುರಿ ಸಾಕಿಕೊಂಡಿದ್ದ. ಕೆರೆಯ ಸುತ್ತ ಪ್ಲಾಟು ಬಿದ್ದು ಮೇಯಿಸುವುದಕ್ಕೆ ಜಾಗ ಇಲ್ಲದಾದಾಗ ಕುರಿ ಮಾರಿದ, ಕುರಿ ಮಾರಿದ ಎರಡು ವರ್ಷಕ್ಕೆ ತೀರಿಕೊಂಡ. ಮನೆಯಲ್ಲಿ ಉಳಿದವರು ತಾಯಿ ಬೀರವ್ವ, ತಂಗಿ ಲಕ್ಷ್ಮೀ, ಇವನು. ೧೯೯೩ರಲ್ಲಿ, ಪಿಯುಸಿಗೆ ಎರಡು ಸಲ ಕೂತು ಎರಡು ಸಲವೂ ನಪಾಸಾಗಿ, ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಮಕಬೂಲಸಾಬರ ರೇಡಿಯೋ ರಿಪೇರಿ ಅಂಗಡಿ ಸೇರಿದ. ಎರಡು ನಿಮಿಷ ಒಂದು ಕಡೆ ನಿಲ್ಲದ ಈ ಮನುಷ್ಯನನ್ನು ಕೂರಿಸಬೇಕೆಂದೇ ಮಕಬೂಲಸಾಬರು ಅವನಿಗೆ ಎಲಿಮಿನೇಟರಿನ ಕೆಲಸ ಕೊಟ್ಟರು.

ಎಲಿಮಿನೇಟರ್ ಎಂದರೆ ಈಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಟ್ರಾನ್ಸಿಸ್ಟರಿಗೂ ಟೇಪ್ ರೆಕಾರ್ಡರಿಗೂ ಸೆಲ್ ಹಾಕಿ ಹಾಕಿ ಬೇಸತ್ತವರಿಗೆ ಗೋಡೆಯ ಕರೆಂಟನ್ನೇ ಇಳಿಸಿ ಕೊಡುವ ಕರಿ ಡಬ್ಬಿ ಅದು. ಅದರ ಮೇಲೊಂದು ತಿರುಗಣಿ, ಮೂರು ವೋಲ್ಟಿನಿಂದ ಹನ್ನೆರಡರವರೆಗೆ. ಹಾಡು ಜೋರಾಗಿ ಕೇಳಲಿ ಎಂದು ಅದನ್ನು ಹನ್ನೆರಡಕ್ಕೆ ತಿರುಗಿಸಿ, ಟೇಪ್ ರೆಕಾರ್ಡರ್ ಸುಟ್ಟುಕೊಂಡು, ನಿಮ್ಮ ಡಬ್ಬಿಯೇ ಸರಿ ಇಲ್ಲ ಎಂದು ಜಗಳಕ್ಕೆ ಬರುವವರು ದಿನಕ್ಕೊಬ್ಬರಾದರೂ ಇರುತ್ತಿದ್ದರು. ಅಂಥವರು ಹೋದ ಮೇಲೆ ಮಕಬೂಲಸಾಬರು ಮೈಲಾರಿಗೆ ಹೇಳುತ್ತಿದ್ದ ಮಾತು ಒಂದೇ.

"ಪಿನ್ ಹೊಕ್ತು ಅಂದ್ರ ಸಂಬಂಧ ಕೂಡ್ತು ಅಂತ ತಿಳೀಬ್ಯಾಡ. ವೋಲ್ಟ್ ಎಷ್ಟು ಕೇಳು, ಆಂಪ್ ಎಷ್ಟು ಕೇಳು, ಪಿನ್ನಿನ ನಡುವ ಪ್ಲಸ್ ಐತೋ ಮೈನಸ್ ಐತೋ ಕೇಳು. ಡಬ್ಬಿ ಮ್ಯಾಲ ಬರದದ್ದನ್ನೂ ನಂಬಬ್ಯಾಡ. ಮೀಟರ್ ಹಚ್ಚಿ ನೋಡು."

ವೋಲ್ಟು ಯಂತ್ರ ಬೇಡಿದಷ್ಟೇ ಇರಬೇಕು, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. ಆಂಪು ಡಬ್ಬಿಯಲ್ಲಿ ಹೆಚ್ಚಿದ್ದರೆ ಚಿಂತೆಯಿಲ್ಲ, ಯಂತ್ರ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಕಡಿಮೆಯಿದ್ದರೆ ಮಾತ್ರ ಡಬ್ಬಿ ಕಾದು ಕರಗುತ್ತದೆ. ಎಂಟು ವರ್ಷ ಇದನ್ನೇ ಕೇಳಿ ಕೇಳಿ ಮೈಲಾರಿಗೆ ಅದು ರಕ್ತದಲ್ಲಿ ಸೇರಿಹೋಯಿತು. ೨೦೦೧ರಲ್ಲಿ ಉಣಕಲ್ ಕ್ರಾಸಿನಲ್ಲಿ ಸ್ವಂತದ ಅಂಗಡಿ ಇಟ್ಟಾಗ ಮಕಬೂಲಸಾಬರು ವೋಲ್ಟು ಅಳೆಯುವ ತಮ್ಮ ಹಳದಿ ಮೀಟರನ್ನೇ ಅವನ ಕೈಗೆ ಕೊಟ್ಟು ಕಳಿಸಿದರು.

ಆಮೇಲೆ ಬಂದವು ಮೊಬೈಲುಗಳು. ಎಷ್ಟು ನಮೂನೆಯ ಫೋನೋ ಅಷ್ಟು ನಮೂನೆಯ ಪಿನ್ನು. ದಪ್ಪ ಪಿನ್ನು, ಸಣ್ಣ ಪಿನ್ನು, ಚಪ್ಪಟೆ ಪಿನ್ನು. ಜನಕ್ಕೆ ಪಿನ್ನೇ ಚಾರ್ಜರು. ಅಂಗಡಿಗೆ ಬಂದು ಫೋನಿನ ತೂತು ತೋರಿಸಿ, ಇದಕ್ಕೆ ಹೋಗುವಂಥದು ಕೊಡು ಎನ್ನುತ್ತಿದ್ದರು. ಮೈಲಾರಿ ಫೋನು ತೆಗೆದುಕೊಂಡು, ಬ್ಯಾಟರಿ ಕಳಚಿ, ಅದರ ಹೊಟ್ಟೆ ಉಬ್ಬಿದೆಯೋ ಎಂದು ಮೇಜಿನ ಮೇಲೆ ಇಟ್ಟು ತಿರುಗಿಸಿ ನೋಡಿ, ಚಾರ್ಜರಿಗೆ ಮೀಟರ್ ಹಚ್ಚಿ, ಹತ್ತು ನಿಮಿಷ ಕಾಯಿಸಿ, ಮತ್ತೆ ಮುಟ್ಟಿ ನೋಡಿ ಕೊಡುತ್ತಿದ್ದ. ಕೊಡುವಾಗ ಉಪದೇಶ ಬೇರೆ: ದಿಂಬಿನ ಕೆಳಗೆ ಇಡಬೇಡಿ, ಮೇಲೆ ಬಟ್ಟೆ ಹಾಕಬೇಡಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ. ಗಿರಾಕಿಗಳು ಬಸ್ಸು ತಪ್ಪಿತೆಂದು ಬೈದುಕೊಂಡು ಹೋಗುತ್ತಿದ್ದರು. ಮಧ್ಯಾಹ್ನ ಅಂಗಡಿಯಲ್ಲಿ ಕೂರಲು ಬರುತ್ತಿದ್ದ ಬೀರವ್ವನಂತೂ, ಹೆಣ್ಣು ನೋಡಲು ಹೋದವರೂ ಇಷ್ಟು ಪರೀಕ್ಷೆ ಮಾಡುವುದಿಲ್ಲ ಎಂದು ಎಲ್ಲರೆದುರೇ ಮಗನ ಮಾನ ಕಳೆಯುತ್ತಿದ್ದಳು.

ಹೀಗಿದ್ದವನ ಕೈಯಲ್ಲೇ ಆ ತಪ್ಪು ಆಯಿತು ನೋಡಿ. ಯಾವನೋ ಬೇಫಿಕೀರ್ ಮನುಷ್ಯನ ಕೈಯಲ್ಲಾಗಿದ್ದರೆ ನಾನು ಹೇಳುತ್ತಲೇ ಇರಲಿಲ್ಲ.

೨೦೦೬ರಲ್ಲಿ ದಸರೆಗೆ ಎರಡು ದಿನ ಮೊದಲು ಅವನು ಹುಬ್ಬಳ್ಳಿಯಿಂದ ಏಳು ಕರಿ ಡಬ್ಬಿ ತಂದ. ಏಳೂ ಒಂದೇ ಅಚ್ಚಿನವು, ಹಿಂದೆ ಅಂಟಿಸಿದ ಚೀಟಿಯೊಂದೇ ಬೇರೆ. ಆರು ಐದು ವೋಲ್ಟಿನವು, ಮೊಬೈಲಿಗೆ. ಒಂದು ಹನ್ನೆರಡು ವೋಲ್ಟಿನದು, ಧಾರವಾಡದ ದತ್ತು ಮಾಸ್ತರರ ಎಲೆಕ್ಟ್ರಾನಿಕ್ ತಂಬೂರಿಗೆ. ದತ್ತು ಮಾಸ್ತರರು ಹಾಡು ಕಲಿಸುವವರು. ಅವರ ತಂಬೂರಿ ಪೆಟ್ಟಿಗೆಯ ಡಬ್ಬಿ ಸುಟ್ಟು ಹೋಗಿತ್ತು. ಹನ್ನೆರಡರದನ್ನು ಮೈಲಾರಿ ಸಾಲಿನ ಎಡತುದಿಗೆ ಇಟ್ಟುಕೊಂಡ. ಏಳಕ್ಕೂ ಪಿನ್ನು ಹಾಕುವುದು ಬಾಕಿ ಇತ್ತು.

ಮರುದಿನ ಮಹಾನವಮಿ, ಖಂಡೇಪೂಜೆ. ಅಂಗಡಿಯ ಹತ್ಯಾರಗಳಿಗೆಲ್ಲ ಪೂಜೆ. ಬೀರವ್ವ ನಸುಕಿನಲ್ಲೇ ಬಂದು ಕಸ ಹೊಡೆದು, ಕಂಬಳಿ ಹಾಸಿ, ಸೋಲ್ಡರಿಂಗ್ ಕಬ್ಬಿಣ, ಇಕ್ಕಳ, ಸ್ಕ್ರೂಡ್ರೈವರ್, ನಡುವೆ ಹಳದಿ ಮೀಟರ್ ಇಟ್ಟು, ಚೆಂಡು ಹೂವು ಏರಿಸಿದಳು. ಏಳೂ ಡಬ್ಬಿಗಳನ್ನು ಸಾಲಿನಿಂದ ತೆಗೆದು ದೀಪದ ಸುತ್ತ ದುಂಡಗೆ ಜೋಡಿಸಿದಳು, ನೋಡಲು ಚಂದ ಎಂದು. ಒಂದೊಂದಕ್ಕೂ ನೀರಲ್ಲಿ ಕಲಸಿದ ವಿಭೂತಿ ಮೂರು ಬೆರಳು, ನಡುವೆ ಕುಂಕುಮ, ಮೇಲೆ ಅರಿಶಿನದ ಭಂಡಾರ. ಬಳಿಯುವುದಕ್ಕೆ ನುಣ್ಣಗಿನ ಜಾಗ ಅವಳಿಗೆ ಸಿಕ್ಕಿದ್ದು ಆ ಚೀಟಿಯ ಮೇಲೆಯೇ. ಕಾಯಿ ಒಡೆದು, ನೀರು ಚಿಮುಕಿಸಿ, ನಾಳೆ ಮರುಪೂಜೆ ಆಗುವವರೆಗೆ ಪೂಜೆಗೆ ಕೂತ ಹತ್ಯಾರ ಮುಟ್ಟಕೂಡದು ಎಂದು ಕಟ್ಟಪ್ಪಣೆ ಮಾಡಿದಳು. ಅದು ಹೊಸ ಮಾತಲ್ಲ. ಆ ದಿನ ಉಣಕಲ್ಲಿನಲ್ಲಿ ಬಡಿಗ ಬಾಚಿ ಮುಟ್ಟುವುದಿಲ್ಲ, ಒಕ್ಕಲಿಗ ಕುಡುಗೋಲು ಮುಟ್ಟುವುದಿಲ್ಲ.

ಆದರೆ ಗಿರಾಕಿಗೆ ಖಂಡೇಪೂಜೆಯ ಹಂಗೇನು? ಹನ್ನೊಂದರ ಹೊತ್ತಿಗೆ ಅಂಗಡಿ ಮುಂದೆ ಜನ ನಿಂತರು. ಮೈಲಾರಿಗೆ ಕೈ ತುರಿಸತೊಡಗಿತು. ಡಬ್ಬಿಗಳು ಮಾರುವ ಸಾಮಾನು, ಹತ್ಯಾರವಲ್ಲ, ಅವನ್ನು ಎತ್ತಬಹುದು ಎಂದು ತಾಯಿಯನ್ನು ಒಪ್ಪಿಸಿದ. ಎತ್ತಿ, ಮೆತ್ತಿದ ವಿಭೂತಿ ಹೋಗಲೆಂದು ಚಿಮಣಿ ಎಣ್ಣೆಯ ಬಟ್ಟೆಯಿಂದ ತಿಕ್ಕಿದ. ವಿಭೂತಿಯ ಜೊತೆ ಚೀಟಿಯ ಅಕ್ಷರವೂ ಬಟ್ಟೆಗೆ ಬಂತು. ಏಳೂ ಡಬ್ಬಿ ಬೋಳಾದವು. ಹೋಗಲಿ, ಎಡತುದಿಯದು ಹನ್ನೆರಡರದು, ನನಗೆ ಗೊತ್ತಲ್ಲ ಎಂದುಕೊಂಡ. ದುಂಡಗಿದ್ದದ್ದನ್ನು ಮತ್ತೆ ಸಾಲು ಮಾಡುವಾಗ ಎಡತುದಿ ಯಾವುದಾಯಿತು ಎಂದು ಕೇಳಿಕೊಳ್ಳುವಷ್ಟು ತಾಳ್ಮೆ ಆ ಗಳಿಗೆಯಲ್ಲಿ ಅವನಿಗೆ ಇರಲಿಲ್ಲ. ಹಲ್ಲಿನಿಂದ ವೈರು ಸುಲಿದು, ತಿರುಚಿ, ಕರಿ ಟೇಪು ಸುತ್ತಿ, ಆರಕ್ಕೆ ಮೊಬೈಲಿನ ಪಿನ್ನು ಹಾಕಿದ, ಒಂದಕ್ಕೆ ತಂಬೂರಿಯ ಪಿನ್ನು. ಮೀಟರು ಎರಡು ಮೊಳ ದೂರದಲ್ಲಿ ಹೂವು ಮುಡಿದುಕೊಂಡು ಕೂತಿತ್ತು. ಒಂದು ಸಲ ಅತ್ತ ಕೈ ಹೋಯಿತು. ಬೀರವ್ವ ಕೆಮ್ಮಿದಳು, ಕೈ ಹಿಂದಕ್ಕೆ ಬಂತು.

ದಸರೆಯ ಬೆಳಿಗ್ಗೆ ಮರುಪೂಜೆ ಆಯಿತು, ಹತ್ಯಾರಗಳನ್ನು ಎತ್ತಿದರು. ಒಂಬತ್ತಕ್ಕೆ ದತ್ತು ಮಾಸ್ತರರು ಬಸ್ಸಿಳಿದು ಬಂದರು. ಅವರ ಡಬ್ಬಿ ಕೊಡುವ ಮೊದಲು ಅಭ್ಯಾಸದಂತೆ ಮೈಲಾರಿ ಮೀಟರ್ ಹಚ್ಚಿದ. ಮುಳ್ಳು ಐದರ ಹತ್ತಿರ ನಿಂತಿತು. ಕಡ್ಡಿ ಸರಿಯಾಗಿ ತಾಗಿಲ್ಲವೆಂದು ಮತ್ತೆ ಹಚ್ಚಿದ. ಮತ್ತೆ ಐದು. ತಂಬೂರಿಯ ಡಬ್ಬಿ ಐದು ವೋಲ್ಟಿನದಾದರೆ, ಹನ್ನೆರಡು ವೋಲ್ಟಿನದು ಮೊಬೈಲ್ ಪಿನ್ನು ಹಾಕಿಕೊಂಡು ಎಲ್ಲೋ ಹೋಗಿದೆ.

ಮಾಸ್ತರರಿಗೆ ವೈರು ಸಡಿಲಾಗಿದೆ, ನಾಳೆ ಕೊಡುತ್ತೇನೆಂದು ಸುಳ್ಳು ಹೇಳಿದ. ಪಾಪ, ಅವರು ಇವತ್ತು ಸಂಜೆ ತಂತಿಯ ತಂಬೂರಿಯನ್ನೇ ಇಟ್ಟುಕೊಳ್ಳುತ್ತೇನೆ ಬಿಡಪಾ ಎಂದು ಮರಳಿ ಹೋದರು. ಅಂಗಡಿಯಲ್ಲಿ ಉಳಿದ ಎರಡು ಡಬ್ಬಿಗೆ ಮೀಟರ್ ಹಚ್ಚಿದ. ಎರಡೂ ಐದೇ. ನಿನ್ನೆ ನಾಲ್ಕು ಹೊರಗೆ ಹೋಗಿವೆ. ಆ ನಾಲ್ಕರಲ್ಲಿ ಒಂದು ಹನ್ನೆರಡರದು.

ಐದು ಉಣ್ಣುವ ಫೋನಿಗೆ ಹನ್ನೆರಡು ತುರುಕಿದರೆ ಫೋನು ಸತ್ತರೆ ಸಾಯಲಿ. ಅವನಿಗೆ ಹೆದರಿಕೆ ಬ್ಯಾಟರಿಯದು. ಉಬ್ಬಿದ ಬ್ಯಾಟರಿಯೊಂದು ಅಂಗಡಿ ಮೆಟ್ಟಿಲ ಮೇಲೆ ಬುಸ್ಸೆಂದು ಉರಿದದ್ದನ್ನು ಹೋದ ವರ್ಷವೇ ಕಣ್ಣಾರೆ ಕಂಡಿದ್ದ. ಜನ ಫೋನನ್ನು ಚಾರ್ಜಿಗೆ ಹಾಕಿ ಎಲ್ಲಿಡುತ್ತಾರೆ? ದಿಂಬಿನ ಹತ್ತಿರ, ಹಾಸಿಗೆಯ ಮೇಲೆ, ಮಕ್ಕಳ ಪಕ್ಕದಲ್ಲಿ.

ಆಗಲೇ ತಾಯಿಯ ಮುಂದೆ ಒಂದು ಮಾತು ಹೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳಲಿಲ್ಲ. ಊರಿಗೆಲ್ಲ ಮೀಟರಿನ ಪುರಾಣ ಓದಿದವನು ತಾನೇ ಮೀಟರ್ ಹಚ್ಚದೆ ಮಾರಿದೆ ಎಂದು ಯಾವ ಬಾಯಿಂದ ಹೇಳುವುದು? ನಾಚಿಕೆ ಎನ್ನಿ, ಸೊಕ್ಕು ಎನ್ನಿ. ಯಾರಿಗೂ ತಿಳಿಯದ ಹಾಗೆ ಬದಲಿಸಿ ಬಂದುಬಿಡುತ್ತೇನೆ ಎಂದುಕೊಂಡ. ಮೂರು ಮಂದಿಯ ನೆನಪಿತ್ತು. ನಾಲ್ಕನೆಯವರು ಯಾರೆಂದು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಮೊದಲು ಈ ಮೂರು ನೋಡೋಣವೆಂದು, ಒಳ್ಳೆಯ ಎರಡು ಡಬ್ಬಿ ಮತ್ತು ಮೀಟರನ್ನು ಚೀಲಕ್ಕೆ ಹಾಕಿದ. ಹೋದ ಮನೆಯಲ್ಲಿ ನೆಪಕ್ಕೆ ಬೇಕಲ್ಲ, ಒಂದು ಹಿಡಿ ಬನ್ನಿ ಎಲೆಯನ್ನೂ ಹಾಕಿಕೊಂಡ. ದಸರೆಯ ದಿನ ಬನ್ನಿ ಹಿಡಿದವನಿಗೆ ಯಾರ ಮನೆಯ ಬಾಗಿಲೂ ತೆರೆದಿರುತ್ತದೆ.

ಬನ್ನಿ ಕೊಡುವುದು ಸಂಜೆ, ಈ ಪುಣ್ಯಾತ್ಮ ಹೊರಟದ್ದು ಹತ್ತು ಗಂಟೆಗೆ. ಮೊದಲನೆಯವಳು ಅದೇ ಓಣಿಯ ಮಂದಾಕಿನಿ, ಬ್ಲೌಸ್ ಹೊಲಿಯುವವಳು. ಹೊತ್ತು ಇಳಿಯುವ ಮೊದಲೇ ಬನ್ನಿ ತಂದ ಮೈಲಾರಿಯನ್ನು ನೋಡಿ ಅವಳು ಮೂಗಿನ ಮೇಲೆ ಬೆರಳಿಟ್ಟಳು. ಅವನ ಕಣ್ಣು ಆಗಲೇ ಹೊಲಿಗೆ ಯಂತ್ರದ ಮೇಲಿತ್ತು. ಅಲ್ಲಿ ಫೋನು ಚಾರ್ಜಿಗೆ ಕೂತಿತ್ತು, ಮೈ ತುಂಬ ಕಸೂತಿ ಹಾಕಿದ ದಪ್ಪನೆ ಕವಚ ತೊಟ್ಟುಕೊಂಡು. ಟಿವಿಗೆ, ರೇಡಿಯೋಗೆ ಹೊಲಿದವಳು ಫೋನನ್ನು ಬಿಟ್ಟಾಳೆಯೇ? ಅವನು ಕವಚ ಕಿತ್ತು, ಡಬ್ಬಿ ಕಿತ್ತು, ಮೀಟರ್ ಹಚ್ಚಿದ. ಐದು. ಕವಚ ಹಾಕಿದರೆ ಬಿಸಿ ಹೊರಗೆ ಹೋಗುವುದಿಲ್ಲ, ಚಾರ್ಜಿಗೆ ಹಾಕುವಾಗ ಫೋನು ಬತ್ತಲೆ ಇರಬೇಕು ಎಂದು ಅವಸರದಲ್ಲಿ ಅಂದು, ಅಂದ ಮಾತಿಗೆ ತಾನೇ ನಾಚಿ, ಬನ್ನಿಯನ್ನು ಯಂತ್ರದ ಮೇಲೆ ಇಟ್ಟು ಓಡಿಬಂದ.

ಎರಡನೆಯವನು ಬೈರಿದೇವರಕೊಪ್ಪದ ಟೆಂಪೋ ಡ್ರೈವರ್ ಅರ್ಜುನಪ್ಪ. ಟೆಂಪೋ ತೊಳೆದು ಹೂವು ಕಟ್ಟುತ್ತಿದ್ದ. ಚಾರ್ಜರ್ ಕೇಳಿದರೆ, ಪಿನ್ ಮಸ್ತ್ ಕೂಡುತ್ತದೆ, ಬದಲಿ ಯಾಕೆ ಬೇಕು ಎಂದು ವಾದಕ್ಕೆ ನಿಂತ. ಅವನ ಮನ ಒಲಿಸುವಷ್ಟರಲ್ಲಿ ಹನ್ನೆರಡೂವರೆ. ಅದೂ ಐದು. ಮೂರನೆಯವರು ನವನಗರದ ಒಬ್ಬ ಕ್ಲರ್ಕು. ಮನೆಗೆ ಬೀಗ. ಹಬ್ಬದ ಊಟಕ್ಕೆ ಅತ್ತೆ ಮನೆಗೆ ಹೋಗಿದ್ದಾರೆ, ನಾಲ್ಕಕ್ಕೆ ಬರುತ್ತಾರೆ ಎಂದರು ಪಕ್ಕದವರು. ಮೈಲಾರಿ ಆ ಬೀಗದ ಮುಂದೆ ಮೂರು ತಾಸಿನ ಮೇಲೆ ಅಡ್ಡಾಡಿದ. ಕಿಟಕಿಗೆ ಮೂಗು ಹಚ್ಚಿ ಸುಟ್ಟ ವಾಸನೆ ಬರುತ್ತದೆಯೇ ಎಂದು ಮೂಸಿದ. ಊಟವಿಲ್ಲ, ನೀರಿಲ್ಲ. ಕ್ಲರ್ಕು ಬಂದು ಬೀಗ ತೆಗೆದ ಮೇಲೆ ನೋಡಿದರೆ ಅದೂ ಐದೇ.

ಐದು ಗಂಟೆಗೆ ಮನೆ ಮುಟ್ಟಿದಾಗ ಅವನ ತಲೆ ಮೊಸರು ಗಡಿಗೆಯಾಗಿತ್ತು. ಬೀರವ್ವ ಹೋಳಿಗೆ ತಣ್ಣಗಾದವು ಎಂದು ಬೈಯಲು ಬಾಯಿ ತೆರೆದವಳು ಮಗನ ಮುಖ ನೋಡಿ ಏನಾಯಿತೆಂದು ಕೇಳಿದಳು. ಆಗ ಹೇಳಿದ. ನಾಲ್ಕನೆಯ ಡಬ್ಬಿ ಯಾರಿಗೆ ಮಾರಿದೆನೋ ನೆನಪಾಗುತ್ತಿಲ್ಲ ಎಂದು ಹಣೆ ಹಣೆ ಬಡಿದುಕೊಂಡ.

"ನೀ ಎಲ್ಲಿ ಮಾರೀಯೋ ಯಪ್ಪಾ," ಎಂದಳು ಬೀರವ್ವ. ಅವಳ ದನಿ ಇಳಿದಿತ್ತು. "ನಿನ್ನೆ ನೀ ಉಣ್ಣಾಕ ಹೋದಾಗ ಹೊಳೆವ್ವ ಬಂದಿದ್ಲು, ಆಕೀ ಕೈಯಾಗ ಕೊಟ್ಟ ಕಳಿಸೇನಿ. ಲಕ್ಷ್ಮೀದು ಚಾರ್ಜರ್ ಕೆಟ್ಟೈತಿ ಅಂದ್ಲು. ನಿನಗ ಹೇಳಿದ್ರ ಮೀಟರ್ ಮೀಟರ್ ಅಂತ ನಾಕ ದಿನ ಮಾಡ್ತಿ ಅಂತ ನಾನ ಎತ್ತಿ ಕೊಟ್ಟೆ. ರಾತ್ರಿ ಹುಬ್ಬಳ್ಳ್ಯಾಗ ಉಳದು ಇವತ್ತ ಮಧ್ಯಾಹ್ನದ ಮ್ಯಾಲ ಊರಿಗೆ ಹೊಕ್ಕೇನಿ ಅಂತ ಹೋದ್ಲು."

ಹೊಳೆವ್ವ ಎಂದರೆ ಲಕ್ಷ್ಮಿಯ ಅತ್ತೆ. ಲಕ್ಷ್ಮಿಯನ್ನು ಕೊಟ್ಟದ್ದು ಸುಳ್ಳಕ್ಕೆ. ಅವಳಿಗೆ ಎಂಟು ತಿಂಗಳ ಕೂಸು, ಸೃಷ್ಟಿ. ಆ ಮನೆಯ ಪಡಸಾಲೆಯಲ್ಲಿ ಇರುವುದು ಒಂದೇ ಪ್ಲಗ್ಗು, ಅದರ ಕೆಳಗೆ ಕೌದಿಗಳ ಒಟ್ಟಿಲು, ಒಟ್ಟಿಲ ಪಕ್ಕದಲ್ಲಿ ತೊಟ್ಟಿಲು. ಗೋಡೆ ನೋಡುವ ಕಣ್ಣಿಗೆ ಅದೆಲ್ಲ ಗೊತ್ತಿತ್ತು.

ಕ್ರಾಸಿನ ಕಾಯಿನ್ ಬಾಕ್ಸಿಗೆ ಓಡಿ ಲಕ್ಷ್ಮಿಗೆ ಫೋನು ಹಚ್ಚಿದ. ಸ್ವಿಚ್ ಆಫ್. ಇರಲೇಬೇಕು, ಚಾರ್ಜು ಇಲ್ಲದ್ದಕ್ಕೇ ತಾನೆ ಚಾರ್ಜರ್ ಕಳಿಸಿದ್ದು! ಸುಳ್ಳದಲ್ಲಿ ಮಧ್ಯಾಹ್ನ ಹೋದ ಕರೆಂಟು ಆರಕ್ಕೆ ಬರುತ್ತದೆ. ಜನ ಕರೆಂಟಿಗೆ ಕಾಯುವುದಿಲ್ಲ, ಫೋನು ಸಿಕ್ಕಿಸಿ ಸ್ವಿಚ್ ಒತ್ತಿ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಅದು ಬಂದಾಗ ತಾನೇ ಏರುತ್ತದೆ ಎಂದು. ಇನ್ನೂ ಮುಕ್ಕಾಲು ತಾಸಿತ್ತು. ಮೈಲಾರಿ ಲೂನಾ ಹತ್ತಿದ.

ಹುಬ್ಬಳ್ಳಿಯಲ್ಲಿ ಬನ್ನಿಗೆ ಹೊರಟ ಜನ ರಸ್ತೆ ತುಂಬ. ಹಾರ್ನ್ ಒತ್ತಿ ಒತ್ತಿ ಬೈಸಿಕೊಂಡು ಕೇಶ್ವಾಪುರ ದಾಟಿ ಸುಳ್ಳದ ರಸ್ತೆಗೆ ಬಿದ್ದ. ಎರಡೂ ಬದಿಗೆ ಹತ್ತಿ ಹೊಲ. ಲೂನಾ ಓಡುವಷ್ಟೇ ಓಡುತ್ತದೆ, ಇವನು ಮುಂದಕ್ಕೆ ಬಾಗಿದರೆ ಅದೇನು ಜೋರಾದೀತೇ? ಬಾಗಿಯೇ ಹೊಡೆದ. ಮೈಲಾರಲಿಂಗಾ, ಆರರವರೆಗೆ ತಡಿ ಎಂದು ಬೇಡಿಕೊಂಡ. ಊರು ಇನ್ನೂ ಮೂರು ಕಿಲೋಮೀಟರ್ ಇರುವಾಗ ಒಂದು ಪಂಪ್‌ಸೆಟ್ಟಿನ ಗುಡಿಸಲಲ್ಲಿ ಬಲ್ಬು ಹೊತ್ತಿತು. ಆಮೇಲೆ ಇನ್ನೊಂದು ಕಡೆ. ಹಬ್ಬವೆಂದು ಆ ದಿನ ಕರೆಂಟನ್ನು ಹತ್ತು ನಿಮಿಷ ಮೊದಲೇ ಬಿಟ್ಟಿದ್ದರು. ಮೈಲಾರಿ ಗಟ್ಟಿಯಾಗಿ ಅತ್ತ, ಅಳುತ್ತಲೇ ಗಾಡಿ ಹೊಡೆದ.

ಮನೆಯ ಮುಂದೆ ಜನ ನೆರೆದಿದ್ದರು. ಅಂಗಳದಲ್ಲಿ ಅರ್ಧ ಸುಟ್ಟ ಕೌದಿಯಿಂದ ಹೊಗೆ ಏಳುತ್ತಿತ್ತು, ಪಕ್ಕದಲ್ಲಿ ಫೋನು ಹೊಟ್ಟೆ ಸೀಳಿ ಬಿದ್ದಿತ್ತು. ಕೂಸು ಲಕ್ಷ್ಮಿಯ ಹೆಗಲ ಮೇಲೆ ಚೀರುತ್ತಿತ್ತು, ಅದಕ್ಕೆ ಏನೂ ಆಗಿರಲಿಲ್ಲ. ಕಟ್ಟೆಯ ಮೇಲೆ ಹೊಳೆವ್ವ ಬಲಗೈಯನ್ನು ಕೊಡದ ನೀರಿನಲ್ಲಿ ಅದ್ದಿಕೊಂಡು ಕೂತಿದ್ದಳು. ತೊಟ್ಟಿಲು ತೂಗುತ್ತಿದ್ದವಳಿಗೆ ವಾಸನೆ ಬಂತಂತೆ. ತಿರುಗಿದರೆ ಫೋನು ಕೌದಿಯ ಮೇಲೆ ಉಬ್ಬಿ ಹೊಗೆ ಉಗುಳುತ್ತಿತ್ತು. ಕೂಸಿನ ಮೇಲೆ ಸಿಡಿಯುತ್ತದೆಂದು ಬರಿಗೈಯಲ್ಲಿ ಹಿಡಿದು ಅಂಗಳಕ್ಕೆ ಎಸೆದಿದ್ದಳು. ಬಿಸಿ ಪ್ಲಾಸ್ಟಿಕ್ಕು ಅಂಗೈಗೆ ಅಂಟಿ ಬಂದಿತ್ತು.

ನೆರೆದವರು ಆಗಲೇ ತೀರ್ಮಾನ ಮಾಡಿದ್ದರು. ಹಬ್ಬದ ಕರೆಂಟು, ಒಮ್ಮೆಲೇ ಜೋರಾಗಿ ಬಂತು, ಅದರದೇ ತಪ್ಪು. ಲಕ್ಷ್ಮಿಯ ಗಂಡನೂ ಹೌದೆಂದು ತಲೆ ಆಡಿಸಿದ. ಮೈಲಾರಿ ಸುಮ್ಮನಿದ್ದರೆ ಸಾಕಿತ್ತು. ಯಾರೂ ಅವನನ್ನು ಕೇಳುತ್ತಿರಲಿಲ್ಲ. ತಂಗಿ ಬಾಳುವ ಮನೆ, ಬೀಗರ ಅಂಗಳ. ಆದರೆ ಅವನು ಬೆಳಗಿನಿಂದ ಬಾಯಿ ಮುಚ್ಚಿಕೊಂಡು ಅಡ್ಡಾಡಿದ್ದರ ಫಲ ಆ ಕೊಡದೊಳಗೆ ಕಾಣುತ್ತಿತ್ತು.

"ಕರೆಂಟಿನ ತಪ್ಪಲ್ರಿ," ಎಂದ. "ಡಬ್ಬಿ ನಂದು. ಹನ್ನೆರಡು ವೋಲ್ಟಿಂದಕ್ಕ ಮೊಬೈಲ್ ಪಿನ್ ಹಾಕೇನಿ. ಮೀಟರ್ ಹಚ್ಚಿ ನೋಡ್ಲಿಲ್ಲ."

ಹೊಳೆವ್ವ ತಲೆ ಎತ್ತಿ ಅವನನ್ನು ನೋಡಿದಳು. ಮತ್ತೆ ಕೊಡದ ಕಡೆ ತಿರುಗಿದಳು. ಟೆಂಪೋ ಮಾಡಿಕೊಂಡು ಅವಳನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ಯುವಾಗಲೂ ಇಡೀ ದಾರಿ ಅವನ ಕಡೆ ಮುಖ ತಿರುಗಿಸಲಿಲ್ಲ. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಮೈಲಾರಿ ವಾರಕ್ಕೊಮ್ಮೆ ಸುಳ್ಳಕ್ಕೆ ಹೋಗುತ್ತಿದ್ದ, ಮುಲಾಮು ಒಯ್ಯುತ್ತಿದ್ದ. ಅವಳು ಲಕ್ಷ್ಮಿಯ ಜೊತೆ ಮೊದಲಿನಂತೆಯೇ ಇದ್ದಳು, ಇವನು ಬಂದನೆಂದರೆ ಮಾತ್ರ ಎದ್ದು ದನದ ಕೊಟ್ಟಿಗೆಗೆ ಹೋಗುತ್ತಿದ್ದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಆ ಮೌನ ಅವನನ್ನು ಕೂರಗೊಡಲಿಲ್ಲ, ನಿಲ್ಲಗೊಡಲಿಲ್ಲ. ಅಂದಿನಿಂದಲೇ ಅವನು ಕಂಡವರ ಮನೆಯ ಗೋಡೆ ನೋಡತೊಡಗಿದ್ದು. ಅಂಗಡಿಗೆ ಬಂದ ಪ್ರತಿ ಡಬ್ಬಿಯ ಬೆನ್ನಿಗೆ ಮೊಳೆ ಕಾಸಿ ಅಂಕಿ ಕೊರೆಯತೊಡಗಿದ್ದೂ ಅಂದಿನಿಂದಲೇ. ೫, ೯, ೧೨. ಅದನ್ನು ಯಾವ ವಿಭೂತಿಯೂ ಯಾವ ಎಣ್ಣೆಯೂ ಅಳಿಸಲಾರದು.

ವಿಭೂತಿಯಿಂದಲೇ ಚೀಟಿ ಅಳಿಸಿತೆಂದು ಅವನು ತಾಯಿಗೆ ಒಂದು ದಿನವೂ ಹೇಳಲಿಲ್ಲ. ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಮುಂದಿನ ವರ್ಷದ ಖಂಡೇಪೂಜೆಗೆ ಬೀರವ್ವ ಕಂಬಳಿ ಹಾಸಿ ಎಲ್ಲ ಹತ್ಯಾರ ಇಟ್ಟಳು. ಮೀಟರನ್ನು ಮಾತ್ರ ಎತ್ತಿ ಮಗನ ಕೈಗೆ ಕೊಟ್ಟಳು.

"ಇದು ಹತ್ಯಾರಲ್ಲ, ಕಣ್ಣು," ಎಂದಳು. "ಕಣ್ಣು ಕಿತ್ತು ಪೂಜಿಗಿಟ್ಟು ಕುಂದರಾಕ ಆಕ್ಕತೇನು?"

ಮರುದಿನ ಸಂಜೆ, ಬನ್ನಿ ಕೊಡುವ ಹೊತ್ತಿಗೆ ಸರಿಯಾಗಿ, ತಾಯಿ ಮಗ ಸುಳ್ಳಕ್ಕೆ ಹೋದರು. ಹೊಳೆವ್ವ ಪಡಸಾಲೆಯಲ್ಲಿ ಕೂತಿದ್ದಳು. ಬಂದವರೆಲ್ಲ ಅವಳ ಕಾಲು ಮುಟ್ಟಿ ಬನ್ನಿ ಕೊಟ್ಟು ಬನ್ನಿ ತೆಗೆದುಕೊಳ್ಳುತ್ತಿದ್ದರು. ಮೈಲಾರಿಯ ಸರದಿ ಬಂದಾಗ ಅವಳು ಎದ್ದು ಹೋಗಲಿಲ್ಲ. ಬಲಗೈ ಚಾಚಿದಳು. ಅಂಗೈ ನಡುವೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು, ಕಿರಿಯ ಎರಡು ಬೆರಳು ಪೂರಾ ಬಿಚ್ಚುತ್ತಿರಲಿಲ್ಲ. ಬನ್ನಿ ಎಲೆ ಆ ಬೆರಳುಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಮೈಲಾರಿಗೆ ಅದನ್ನು ನೋಡಲಾಗಲಿಲ್ಲ. ಅವನ ಕಣ್ಣು ಓಡಿಹೋಗಿ ಗೋಡೆಯ ಪ್ಲಗ್ಗಿನ ಮೇಲೆ ನಿಂತಿತು.

"ಗ್ವಾಡಿ ಆಮ್ಯಾಲ ನೋಡೀಯಂತ ತಮ್ಮಾ," ಎಂದಳು ಹೊಳೆವ್ವ. ಒಂದು ವರ್ಷದ ಮೇಲೆ ಅವನ ಜೊತೆ ಅವಳಾಡಿದ ಮೊದಲ ಮಾತು. "ಮೀಟರ್ ತಂದಿದ್ರ ಮದಲ ಈ ಕೈಗೆ ಹಚ್ಚು. ಕೂಸಿನ ಸಲುವಾಗಿ ಸುಟ್ಟ ಕೈ, ಎಷ್ಟ ತೋರಸ್ತೈತಿ ನೋಡೂಣು."

ಸುತ್ತ ಕೂತವರಿಗೆ ನಗಬೇಕೋ ಬಿಡಬೇಕೋ ತಿಳಿಯಲಿಲ್ಲ. ಮೈಲಾರಿ ನಗಲು ಹೋದ, ಅಳು ಬಂತು. ಬನ್ನಿ ತಗೊಂಡು ಬಂಗಾರದಾಂಗ ಇರೋಣ ಎಂಬ ಮಾತು ಅವನು ಆಡಬೇಕಾದದ್ದು. ಅದನ್ನು ಅವಳೇ ಅಂದಳು. ಅವನು ಅವಳ ಮುಂದೆ ನೆಲದ ಮೇಲೆ ಕೂತು, ಬಿಚ್ಚದ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎಲೆ ತೆಗೆದುಕೊಂಡ. ಆಮೇಲೆ ಬಹಳ ಹೊತ್ತು ಅಲ್ಲೇ ಕೂತಿದ್ದ.